ಬಾಲಿಕೆಯರಿಗೆ ಬೇರೆ ಮಣೆ ಬೇಕೇ?

ಶಾಲೆಯೊಂದರ ಸ್ಮರಣಸಂಚಿಕೆಯಲ್ಲಿ ಚದುರಂಗದ ಮಾತೆತ್ತುವದು ಕೆಲವರಿಗೆ ಅಪ್ರಸ್ತುತವೆಂದು ತೋರಬಹುದು. ಪಾಠ, ಪರೀಕ್ಷೆ, ಹೊಲಿಗೆ, ಸಂಗೀತ ಮೊದಲಾದ ವಿಷಯಗಳಿರುವಾಗ ಮರದ ಕಾಯಿಗಳ ಗೊಡವೆ ಏಕೆಂದು ಹಿರಿಯರು ಕೇಳಿಯಾರು. ಆದರೆ ಒಂದು ಸಮಾಜವು ತನ್ನ ಹೆಣ್ಣುಮಕ್ಕಳಿಂದ ಎಷ್ಟನ್ನು ನಿರೀಕ್ಷಿಸುತ್ತದೆಂಬದು ಅದರ ಭಾಷಣಗಳಿಗಿಂತ ಅದರ ಆಟಗಳಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಯಾರು ಯಾರೊಡನೆ ಆಡಬಹುದು, ಯಾರ ಗೆಲುವನ್ನು ಯಾವ ಅಳತೆಯಿಂದ ಅಳೆಯತಕ್ಕದ್ದು, ಎಂಬ ನಿರ್ಣಯಗಳಲ್ಲಿ ನಮ್ಮ ಮನಸ್ಸಿನ ಒಳಗಿನ ಅಭಿಪ್ರಾಯವು ಹೊರಬೀಳುತ್ತದೆ. ಆದಕಾರಣ 2002ರ ಸೆಪ್ಟೆಂಬರ್ ತಿಂಗಳಲ್ಲಿ ಮಾಸ್ಕೋ ಪಟ್ಟಣದಲ್ಲಿ ನಡೆದ ಒಂದು ಆಟವನ್ನು ಪೂರ್ವ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಮುಂದಿಟ್ಟು, ಅದರಿಂದ ಹುಟ್ಟುವ ಒಂದು ಪ್ರಶ್ನೆಯನ್ನು ವಿಚಾರಿಸಲು ಅಪೇಕ್ಷಿಸುತ್ತೇವೆ. ಹೆಣ್ಣುಮಕ್ಕಳಿಗೆಂದು ಪ್ರತ್ಯೇಕವಾದ ಮಣೆಯನ್ನೂ ಪ್ರತ್ಯೇಕವಾದ ಅಳತೆಯನ್ನೂ ಇಡುವದು ಅವರಿಗೆ ಮಾಡುವ ಉಪಕಾರವೋ, ಅಡ್ಡಿಯೋ? ಇದೇ ನಮ್ಮ ಪ್ರಶ್ನೆ.

ಮೊದಲು ಕಾಯಿಗಳ ವಿಷಯವಾಗಿ ಒಂದು ಮಾತು. ನಮ್ಮ ದೇಶದಲ್ಲಿ ಹುಟ್ಟಿದ ಈ ಆಟದಲ್ಲಿ ಅರಸನ ಪಕ್ಕದಲ್ಲಿ ನಿಲ್ಲುವವನು ಮಂತ್ರಿ. ಪೂರ್ವಕಾಲದಲ್ಲಿ ಅವನು ಓರೆಯಾಗಿ ಒಂದೇ ಮನೆ ಸರಿಯಬಲ್ಲ ದುರ್ಬಲ ಕಾಯಿಯಾಗಿದ್ದನು. ಆಟವು ಪಶ್ಚಿಮಕ್ಕೆ ಸಾಗಿ ಯುರೋಪು ಖಂಡವನ್ನು ಸೇರಿದ ಮೇಲೆ ಮಂತ್ರಿಯು ರಾಣಿಯಾದನು. 15ನೆಯ ಶತಮಾನದ ಕೊನೆಯ ಭಾಗದಲ್ಲಿ ಆ ರಾಣಿಗೆ ಎಲ್ಲಾ ದಿಕ್ಕುಗಳಲ್ಲಿಯೂ ಬೇಕಾದಷ್ಟು ದೂರ ಹೋಗುವ ಅಧಿಕಾರವು ಬಂದು, ಮಣೆಯ ಮೇಲಿನ ಕಾಯಿಗಳಲ್ಲೆಲ್ಲಾ ಅವಳೇ ಬಲಿಷ್ಠಳಾದಳು. ಮರದ ರಾಣಿಗೆ ಇಷ್ಟು ಬಲವನ್ನು ಕೊಟ್ಟ ಜನರು, ಜೀವವುಳ್ಳ ಸ್ತ್ರೀಯನ್ನು ಅದೇ ಮಣೆಯ ಮುಂದೆ ಸರಿಸಮಾನವಾಗಿ ಕುಳ್ಳಿರಿಸಲು ಮತ್ತೆ ನಾನೂರು ವರುಷಗಳಿಗಿಂತಲೂ ಹೆಚ್ಚು ಕಾಲ ಹಿಂದುಮುಂದು ನೋಡಿದರು. ಕನ್ನಡದಲ್ಲಿ ನಾವು ಈ ಕಾಯಿಯನ್ನು ಇಂದಿಗೂ ಮಂತ್ರಿಯೆಂದೇ ಕರೆಯುವದರಿಂದ, ಮುಂದೆಯೂ ಆ ಹೆಸರನ್ನೇ ಉಪಯೋಗಿಸುವೆವು.

ಮಾಸ್ಕೋದಲ್ಲಿ ಅಂದು ನಡೆದದ್ದು ರಷ್ಯಾ ದೇಶದ ತಂಡಕ್ಕೂ ಉಳಿದ ಪ್ರಪಂಚದ ತಂಡಕ್ಕೂ ನಡುವಣ ಸ್ಪರ್ಧೆ. ಪ್ರತಿಯೊಬ್ಬ ಆಟಗಾರನಿಗೆ ಮೊದಲು 25 ನಿಮಿಷಗಳನ್ನು ಕೊಟ್ಟು ಆಡಿಸಿದ ವೇಗದ ಪಂದ್ಯಗಳು ಅವು. ಕಡೆಗೆ 52ಕ್ಕೆ 48 ಅಂಕಗಳಿಂದ ಪ್ರಪಂಚದ ತಂಡವು ಜಯ ಹೊಂದಿತು. ಅದರಲ್ಲಿ ಒಂದು ಮಣೆಯ ಎದುರಿಗೆ ಬಿಳಿಯ ಕಾಯಿಗಳೊಡನೆ ಹಂಗೇರಿ ದೇಶದ ಜೂಡಿತ್ ಪೋಲ್ಗಾರ್ ಎಂಬ ಸ್ತ್ರೀಯು ಕುಳಿತಿದ್ದರು. ಕರಿಯ ಕಾಯಿಗಳೊಡನೆ ಕುಳಿತಿದ್ದವರು ಗ್ಯಾರಿ ಕಾಸ್ಪರೋವ್. ಕಾಸ್ಪರೋವರು 1985ರಿಂದ 2000ದ ವರೆಗೆ ಜಗಜ್ಜೇತರಾಗಿದ್ದವರು. ಆ ಪದವಿಯು ಕೈಬಿಟ್ಟಿದ್ದರೂ ಅಂಕಪಟ್ಟಿಯಲ್ಲಿ ಅಂದಿಗೂ ಪ್ರಪಂಚದ ಮೊದಲನೆಯ ಆಟಗಾರರೇ. ಸ್ತ್ರೀಯರ ಸ್ವಭಾವವು ದೀರ್ಘವಾದ ಹೋರಾಟಕ್ಕೆ ಒಗ್ಗುವದಿಲ್ಲವೆಂಬ ಅರ್ಥದ ಮಾತುಗಳನ್ನು ಅವರು ಹಿಂದೆ ಬಹಿರಂಗವಾಗಿಯೇ ಹೇಳಿದ್ದುಂಟು.

ಆ ದಿನದ ಆರಂಭಕ್ರಮಕ್ಕೆ ಒಂದು ಹಳೆಯ ಚರಿತ್ರೆ ಇದೆ. ಬಿಳಿಯ ಕಡೆಯವರು ಅರಸನ ಮುಂದಿನ ಕಾಲಾಳನ್ನು ಎರಡು ಮನೆ ಮುಂದಿಡುವರು. ಕರಿಯ ಕಡೆಯವರೂ ಹಾಗೆಯೇ ಮಾಡುವರು. ಬಿಳಿಯ ಕುದುರೆಯು ಹೊರಟು ಆ ಕಾಲಾಳನ್ನು ಹೆದರಿಸಲು, ಕರಿಯ ಕುದುರೆಯು ಬಂದು ಅದನ್ನು ಕಾಯುವದು. ಮೂರನೆಯ ನಡೆಯಲ್ಲಿ ಬಿಳಿಯ ಒಂಟೆಯು ದೂರ ಸಾಗಿ ಕಾವಲಿನ ಕುದುರೆಯ ಮೇಲೆಯೇ ಕಣ್ಣಿಡುವದು. 1561ರಲ್ಲಿ ಚದುರಂಗವನ್ನು ಕುರಿತು ಗ್ರಂಥವನ್ನು ಪ್ರಕಟಿಸಿದ ರೂಯಿ ಲೋಪೆಸ್ ಎಂಬ ಸ್ಪೇನ್ ದೇಶದ ಕ್ರೈಸ್ತ ಪಾದ್ರಿಯ ಹೆಸರಿನಿಂದ ಈ ಕ್ರಮವು ಪ್ರಸಿದ್ಧವಾಗಿದೆ. ಶತ್ರುವನ್ನು ಒಮ್ಮೆಲೇ ಹೊಡೆಯದೆ, ಅವನ ಆಸರೆಯನ್ನು ಮೆಲ್ಲನೆ ಸಡಿಲಿಸುವದೇ ಅದರ ತತ್ತ್ವ. ತಾಳ್ಮೆಯುಳ್ಳವರಿಗೆ ಮಾತ್ರ ಅದು ಫಲ ಕೊಡುವದು.

ಇದಕ್ಕೆ ಕರಿಯ ಕಡೆಯವರು ಕೊಡುವ ಉತ್ತರಗಳಲ್ಲಿ ಬರ್ಲಿನ್ ರಕ್ಷಣೆ ಎಂಬದೊಂದು. ಬಹುಕಾಲ ಮೂಲೆಗೆ ಬಿದ್ದಿದ್ದ ಈ ಕ್ರಮವನ್ನು 2000ದಲ್ಲಿ ಲಂಡನ್ ಪಟ್ಟಣದ ಜಗಜ್ಜೇತೃ ಪಂದ್ಯದಲ್ಲಿ ವ್ಲಾದಿಮಿರ್ ಕ್ರಾಮ್ನಿಕ್ ಎಂಬವರು ಹೊರತೆಗೆದು ಕಾಸ್ಪರೋವರ ಎದುರಿಗೆ ನಾಲ್ಕು ಸಾರಿ ಪ್ರಯೋಗಿಸಿದರು. ನಾಲ್ಕು ಸಾರಿಯೂ ಕಾಸ್ಪರೋವರು ಬಿಳಿಯ ಕಾಯಿಗಳಿಂದ ಆಡಿ ಗೆಲ್ಲಲಾರದೆ ಹೋದರು. ಆಟಗಳು ಸಮವಾಗಿ ಮುಗಿದವು. ಆ ಪಂದ್ಯದಲ್ಲಿಯೇ ಅವರ ಕಿರೀಟವು ಕ್ರಾಮ್ನಿಕರ ಪಾಲಾಯಿತು. ಅಂದಿನಿಂದ ಈ ರಕ್ಷಣೆಗೆ ಬರ್ಲಿನ್ನಿನ ಗೋಡೆ ಎಂಬ ಹೆಸರು ಬಿದ್ದಿತು. ಎರಡು ವರುಷಗಳ ಬಳಿಕ, ತನ್ನನ್ನು ತಡೆದ ಆ ಗೋಡೆಯ ಹಿಂದೆಯೇ ಕಾಸ್ಪರೋವರು ಕುಳಿತರು. ಗೋಡೆಯನ್ನು ಕೆಡಹುವ ಕೆಲಸವು ಪೋಲ್ಗಾರರ ಪಾಲಿಗೆ ಬಂದಿತು.

ಈ ರಕ್ಷಣೆಯ ವಿಶೇಷವೇನಂದರೆ, ಎಂಟನೆಯ ನಡೆಯಲ್ಲಿಯೇ ಎರಡೂ ಕಡೆಯ ಮಂತ್ರಿಗಳು ಒಬ್ಬರನ್ನೊಬ್ಬರು ಹೊಡೆದುಕೊಂಡು ಮಣೆಯಿಂದ ಇಳಿದುಹೋಗುವರು. ಬಿಳಿಯ ಮಂತ್ರಿಯನ್ನು ತಾನೇ ಹೊಡೆಯಬೇಕಾದ ಕರಿಯ ಅರಸನು ಕೋಟೆ ಕಟ್ಟಿಕೊಳ್ಳುವ ಹಕ್ಕನ್ನು ಕಳೆದುಕೊಂಡು ನಡುಬೀದಿಯಲ್ಲಿ ನಿಲ್ಲುವನು. ಅವನ ಕಾಲಾಳುಗಳಲ್ಲಿ ಎರಡು ಒಂದರ ಹಿಂದೊಂದು ಸಿಕ್ಕಿಕೊಳ್ಳುವವು. ಇದಕ್ಕೆ ಪ್ರತಿಯಾಗಿ ಅವನ ಎರಡು ಒಂಟೆಗಳೂ ಉಳಿದಿರುವವು. ಮಿಂಚಿನಂಥ ದಾಳಿಗೆ ಇಲ್ಲಿ ಆಸ್ಪದವು ಕಡಿಮೆ. ಪೋಲ್ಗಾರರು ದಾಳಿಯ ಆಟಕ್ಕೆ ಹೆಸರಾದವರು. ಮಂತ್ರಿಗಳಿಲ್ಲದ ಈ ಒಣಭೂಮಿಯಲ್ಲಿ, ಇಂಥ ಸೂಕ್ಷ್ಮಸ್ಥಿತಿಗಳನ್ನು ಅರೆದು ಕುಡಿದವರ ಎದುರಿಗೆ, ಆಕೆಯು ಏನು ಬೆಳೆಯಬಲ್ಲರು?

ಆಕೆಯು ಅವಸರಪಡಲಿಲ್ಲ. ಮೊದಲು ಆನೆಯೊಂದನ್ನು ತೆರೆದ ಸಾಲಿಗೆ ತಂದು, ಒಂಟೆಯನ್ನೂ ಕುದುರೆಯನ್ನೂ ತಕ್ಕ ಮನೆಗಳಲ್ಲಿ ನಿಲ್ಲಿಸಿದರು. 16ನೆಯ ನಡೆಯಲ್ಲಿ ಅರಸನ ಪಕ್ಕದ ಕಾಲಾಳನ್ನು ಎರಡು ಮನೆ ನೂಕಿ, 18ನೆಯ ನಡೆಯಲ್ಲಿ ಕುದುರೆಯನ್ನು ಎದುರಾಳಿಯ ಹತ್ತಿರಕ್ಕೆ ಕಳುಹಿಸಿದರು. 19ನೆಯ ನಡೆಯಲ್ಲಿ ಆಕೆಯ ಅರಸನೇ ಮನೆಬಿಟ್ಟು ಮೂರನೆಯ ಸಾಲಿಗೆ ಬಂದು ಕೆಲಸಕ್ಕೆ ನಿಂತನು. ಕಾಸ್ಪರೋವರು 24ನೆಯ ನಡೆಯಲ್ಲಿ ತಮ್ಮ ಒಂಟೆಗಳಲ್ಲೊಂದನ್ನು ಕೊಟ್ಟು ಆ ಕುದುರೆಯನ್ನು ತೆಗೆದುಹಾಕಬೇಕಾಯಿತು; ಅಲ್ಲಿಗೆ ಒಂಟೆಗಳ ಜೋಡಿಯು ಮುರಿಯಿತು. ಬಳಿಕ ಪೋಲ್ಗಾರರ ಎರಡು ಆನೆಗಳೂ ಕರಿಯ ಅರಸನ ಎದುರಿಗಿದ್ದ ಒಂದೇ ಕಾಲಾಳಿನ ಮೇಲೆ ದೃಷ್ಟಿಯಿಟ್ಟು 31ನೆಯ ನಡೆಯಲ್ಲಿ ಅದನ್ನು ಕಬಳಿಸಿದವು. ಕಾಸ್ಪರೋವರ ಆನೆಯು ಬಿಳಿಯ ಅರಸನಿಗೆ ಮೂರು ಸಾರಿ ಮೇಲಿಂದ ಮೇಲೆ ಬೆದರಿಕೆ ಕೊಟ್ಟಿತು. ಅವನು ಒಂದೊಂದೇ ಮನೆ ಸರಿಯುತ್ತಾ ಮಣೆಯ ನಡುವಿಗೇ ಬಂದು ನಿಂತನು. ಕೊನೆಗೆ ಎರಡು ಆನೆಗಳೂ ಎದುರಾಳಿಯ ಪಾಳೆಯದೊಳಗೆ, ಏಳನೆಯ ಸಾಲಿನಲ್ಲಿ, ನಿಂತಾಗ, 42 ನಡೆಗಳಾದ ಮೇಲೆ ಕಾಸ್ಪರೋವರು ಸೋಲನ್ನೊಪ್ಪಿದರು. ಅಂಕಪಟ್ಟಿಯಲ್ಲಿ ಪ್ರಪಂಚಕ್ಕೇ ಮೊದಲಿಗರಾಗಿರುವ ಆಟಗಾರರನ್ನು ಸ್ಪರ್ಧೆಯಲ್ಲಿ ಸ್ತ್ರೀಯೊಬ್ಬರು ಸೋಲಿಸಿದ್ದು ಅದೇ ಮೊದಲು.

ಈ ಆಟದಲ್ಲಿ ವಾಚಕರು ವಿಶೇಷವಾಗಿ ಗಮನಿಸತಕ್ಕ ಸಂಗತಿ ಒಂದುಂಟು. ಕಾಸ್ಪರೋವರ ಎರಡು ಆನೆಗಳಲ್ಲಿ ಒಂದು 30ನೆಯ ನಡೆಯವರೆಗೆ ತನ್ನ ಮೂಲೆಯನ್ನು ಬಿಟ್ಟು ಕದಲಲಿಲ್ಲ. ಬಲವಿದ್ದರೂ ಅದು ಬಲವಾಗಲಿಲ್ಲ. ಪೋಲ್ಗಾರರ ಕಡೆಯಲ್ಲಿಯಾದರೋ ಅರಸನು ಮೊದಲ್ಗೊಂಡು ಎಲ್ಲರೂ ದುಡಿದರು. ಪಂದ್ಯವು ವೇಗದ್ದಾಗಿದ್ದದರಿಂದ ಇದೊಂದರಿಂದಲೇ ಯಾರು ದೊಡ್ಡವರೆಂದು ತೀರ್ಮಾನಿಸುವದು ನ್ಯಾಯವಲ್ಲ. ನಾವು ಹೇಳುವದು ಇಷ್ಟೇ: ಸ್ತ್ರೀಯರಿಗೆ ತಾಳ್ಮೆಯಿಲ್ಲ, ದೀರ್ಘಹೋರಾಟದ ಗುಣವಿಲ್ಲ ಎಂಬ ಮಾತಿಗೆ ಉತ್ತರವು ತಾಳ್ಮೆಯ ಆಟದಲ್ಲಿಯೇ ದೊರೆಯಿತು. ಕಾಸ್ಪರೋವರು ಸಹ ತಮ್ಮ ಅಭಿಪ್ರಾಯವನ್ನು ಬದಲಿಸಿದರೆಂಬದು ಅವರಿಗೆ ಭೂಷಣವು. 2007ರಲ್ಲಿ ಪ್ರಕಟವಾದ ಗ್ರಂಥದಲ್ಲಿ, ಸ್ತ್ರೀಯರಿಗೆ ಹುಟ್ಟಿನಿಂದ ಬಂದ ಮಿತಿಯೇನೂ ಇಲ್ಲವೆಂಬದನ್ನು ಪೋಲ್ಗಾರ್ ಸಹೋದರಿಯರು ತೋರಿಸಿಕೊಟ್ಟರೆಂದು ಒಪ್ಪಿಕೊಂಡಿದ್ದಾರೆ.

ಈ ಸಹೋದರಿಯರು ಬೆಳೆದದ್ದಾದರೂ ಹೇಗೆ? ಬುಡಾಪೆಸ್ಟ್ ಪಟ್ಟಣದ ಲಾಸ್ಲೋ ಮತ್ತು ಕ್ಲಾರಾ ಎಂಬ ಉಪಾಧ್ಯಾಯ ದಂಪತಿಗಳಿಗೆ ಸೂಸನ್, ಸೋಫಿಯಾ, ಜೂಡಿತ್ ಎಂಬ ಮೂವರು ಹೆಣ್ಣುಮಕ್ಕಳು. ಪ್ರತಿಭೆಯು ಹುಟ್ಟುವದಲ್ಲ, ಅಭ್ಯಾಸದಿಂದ ಮಾಡಲ್ಪಡುವದೆಂಬದು ತಂದೆಯ ಸಿದ್ಧಾಂತ. ಮಕ್ಕಳಿಗೆ ಮನೆಯಲ್ಲಿಯೇ ಪಾಠ ಹೇಳಿ ಚದುರಂಗವನ್ನು ಕಲಿಸಿದರು. ಒಂದು ಸಿದ್ಧಾಂತವನ್ನು ಸಾಧಿಸುವದಕ್ಕಾಗಿ ಮಕ್ಕಳ ಬಾಲ್ಯವನ್ನೇ ಪರೀಕ್ಷಾಶಾಲೆಯಾಗಿ ಮಾಡುವದನ್ನು ನಾವು ಮೆಚ್ಚುವವರಲ್ಲ. ಸಹಪಾಠಿಗಳ ಸಂಗದಿಂದ ಬರುವ ಶಿಕ್ಷಣವನ್ನು ಶಾಲೆಯಲ್ಲಿ ಕಲಿತವರೆಲ್ಲರೂ ಬಲ್ಲರು. ಆದರೆ ಆ ತಂದೆಯ ಇನ್ನೊಂದು ನಿಶ್ಚಯವನ್ನು ನಾವು ಮನಃಪೂರ್ವಕವಾಗಿ ಅನುಮೋದಿಸುತ್ತೇವೆ. ಹೆಣ್ಣುಮಕ್ಕಳು ಹೆಣ್ಣುಮಕ್ಕಳೊಡನೆ ಮಾತ್ರವೇ ಆಡಿದರೆ ಅವರ ಬೆಳವಣಿಗೆಯು ಅಲ್ಲಿಗೇ ನಿಲ್ಲುವದೆಂದು ತಿಳಿದು, ಅವರನ್ನು ಎಲ್ಲರೂ ಆಡುವ ಸ್ಪರ್ಧೆಗಳಿಗೆ ಕಳುಹಿಸಿದರು.

ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯುಂಟು. ಆದರೆ ಕೆಲವು ಸಾರಿ ನೆಲವು ನಿಜವಾಗಿಯೂ ಡೊಂಕಾಗಿರುತ್ತದೆ. ಹಿರಿಯಳಾದ ಸೂಸನ್ 1986ರಲ್ಲಿ ಪುರುಷರ ಜಗಜ್ಜೇತೃ ಸ್ಪರ್ಧೆಯ ಒಂದು ಹಂತಕ್ಕೆ ಅರ್ಹತೆಯನ್ನು ಪಡೆದರೂ, ಸ್ತ್ರೀಯೆಂಬ ಕಾರಣದಿಂದ ಆಕೆಗೆ ಪ್ರವೇಶವು ದೊರೆಯಲಿಲ್ಲ. ಆ ನಿಯಮವು ತರುವಾಯ ಬದಲಾಯಿತು. ಅದೇ ವರುಷ, ಸ್ತ್ರೀಯರು ತಮ್ಮತಮ್ಮೊಳಗೇ ಆಡುವದರಿಂದ ಅವರ ಅಂಕಗಳು ಕಡಿಮೆಯಾಗಿವೆಯೆಂದು ಹೇಳಿ, ಅಂತರರಾಷ್ಟ್ರೀಯ ಚದುರಂಗ ಸಂಸ್ಥೆಯಾದ ಫಿಡೆಯು ಎಲ್ಲಾ ಸ್ತ್ರೀಯರಿಗೆ 100 ಅಂಕಗಳನ್ನು ಸೇರಿಸಿಕೊಡಲು ನಿರ್ಣಯಿಸಿ, ಪುರುಷರೊಡನೆ ಆಡುತ್ತಿದ್ದ ಸೂಸನ್ ಒಬ್ಬಳನ್ನು ಮಾತ್ರ ಬಿಟ್ಟಿತು. ಕಠಿನವಾದ ದಾರಿಯನ್ನು ಆರಿಸಿದವಳಿಗೆ ದೊರೆತ ಬಹುಮಾನವಿದು! ಬೇರೆ ಮಣೆಯಿಂದ ಆಗುವ ಕೇಡು ಈ ಒಂದು ಉದಾಹರಣೆಯಲ್ಲಿಯೇ ಸ್ಪಷ್ಟವಾಗಿದೆ. ಪ್ರತ್ಯೇಕವಾಗಿಟ್ಟದರಿಂದ ಬಲವು ಕುಂದಿತು. ಬಲವು ಕುಂದಿತೆಂದು ದಯೆ ತೋರಿಸಲಾಯಿತು. ದಯೆ ಬೇಡವೆಂದು ಮುಂದೆ ಹೋದವಳಿಗೆ ನಷ್ಟವಾಯಿತು.

ಕಿರಿಯಳಾದ ಜೂಡಿತ್ 1991ರಲ್ಲಿ, ತನ್ನ ಹದಿನಾರನೆಯ ವಯಸ್ಸು ತುಂಬುವದಕ್ಕೆ ಮೊದಲೇ, ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನು ಪಡೆದು, ಬಾಬಿ ಫಿಷರ್ ಎಂಬವರು 1958ರಲ್ಲಿ ಸ್ಥಾಪಿಸಿದ್ದ ಚಿಕ್ಕ ವಯಸ್ಸಿನ ದಾಖಲೆಯನ್ನು ಮುರಿದರು. ಸ್ತ್ರೀಯರ ಜಗಜ್ಜೇತೃ ಪದವಿಗಾಗಿ ಆಕೆಯು ಒಮ್ಮೆಯೂ ಸ್ಪರ್ಧಿಸಲಿಲ್ಲ. 2004ರಲ್ಲಿ ಪ್ರಪಂಚದ ಸಮಸ್ತ ಆಟಗಾರರೊಳಗೆ ಎಂಟನೆಯ ಸ್ಥಾನವನ್ನು ಹೊಂದಿದರು. ವಿವಾಹವಾಗಿ, ತಾಯಿಯೂ ಆದ ಬಳಿಕ, 2005ರಲ್ಲಿ ತಮ್ಮ ಜೀವಮಾನದ ಅತ್ಯುಚ್ಚ ಅಂಕವಾದ 2735ನ್ನು ಮುಟ್ಟಿದರು. ಗೃಹಕೃತ್ಯವು ಬಂದೊಡನೆ ಸ್ತ್ರೀಯ ಬುದ್ಧಿಯ ಕೆಲಸವು ಮುಗಿಯಿತೆಂದು ತಿಳಿಯುವವರು ಈ ವರುಷವನ್ನು ನೆನಪಿನಲ್ಲಿಡತಕ್ಕದ್ದು. ಅದೇ ವರುಷ ಆರ್ಜೆಂಟೀನಾ ದೇಶದಲ್ಲಿ ಎಂಟು ಜನರಿಗೆ ನಡೆದ ಜಗಜ್ಜೇತೃ ಸ್ಪರ್ಧೆಯಲ್ಲಿ ಆಕೆಯೂ ಒಬ್ಬರಾಗಿದ್ದರು; ಅಲ್ಲಿ ಎಂಟನೆಯವರಾಗಿಯೇ ಉಳಿದರು. ಆ ಕೊನೆಯ ಸ್ಥಾನವನ್ನು ನಾವು ಮರೆಮಾಡುವದಿಲ್ಲ. ಚಿಕ್ಕ ಮಣೆಯ ಮೊದಲನೆಯ ಸ್ಥಾನಕ್ಕಿಂತ ದೊಡ್ಡ ಮಣೆಯ ಎಂಟನೆಯ ಸ್ಥಾನವು ಅನೇಕ ಬಾಲಿಕೆಯರಿಗೆ ಹೆಚ್ಚು ದೂರದ ದಾರಿಯನ್ನು ತೋರಿಸಿದೆ ಎಂದು ನಮ್ಮ ನಂಬಿಕೆ.

ಇಷ್ಟನ್ನು ಕೇಳಿ ಕೆಲವರು ಆಕ್ಷೇಪಿಸಬಹುದು: ಸ್ತ್ರೀಯರ ಸ್ಪರ್ಧೆಗಳನ್ನೂ ಪದವಿಗಳನ್ನೂ ತೆಗೆದುಹಾಕಿದರೆ ಹೊಸದಾಗಿ ಕಲಿಯುವ ಹುಡುಗಿಯರಿಗೆ ಉತ್ತೇಜನವೆಲ್ಲಿ? ಒಂದು ದೊಡ್ಡ ಕೋಣೆಯ ತುಂಬ ಹುಡುಗರೇ ಇರುವಾಗ ಒಬ್ಬಳೇ ಹುಡುಗಿಯು ಕುಳಿತು ಆಡುವದು ಸುಲಭವೇ? ಈ ಆಕ್ಷೇಪಣೆಯಲ್ಲಿ ಹುರುಳುಂಟು. ಆಡುವ ಹುಡುಗಿಯರೇ ಕೆಲವರಾದರೆ, ಶಿಖರವನ್ನು ಮುಟ್ಟುವವರು ಇನ್ನೂ ಕೆಲವರೇ ಆಗುವರು. ಆದಕಾರಣ ಮೊದಲು ಹೆಚ್ಚು ಜನರನ್ನು ಆಟಕ್ಕೆ ಕರೆಯುವದು ಅವಶ್ಯವು. ಸ್ತ್ರೀಯರ ಪಂದ್ಯಗಳಿಂದ ಸಂಗಡಿಗರೂ, ಪ್ರಯಾಣದ ಧೈರ್ಯವೂ, ಬಹುಮಾನದ ಹಣವೂ ದೊರೆಯುತ್ತವೆ. ಪೋಲ್ಗಾರ್ ಸಹೋದರಿಯರು ಸಹ 1988ರಲ್ಲಿಯೂ 1990ರಲ್ಲಿಯೂ ಒಲಿಂಪಿಯಾಡಿನ ಸ್ತ್ರೀಯರ ವಿಭಾಗದಲ್ಲಿ ಹಂಗೇರಿಗೆ ಚಿನ್ನದ ಪದಕವನ್ನು ಗಳಿಸಿಕೊಟ್ಟವರೇ. ಮೊದಲನೆಯ ಸಾರಿ ಹನ್ನೆರಡು ವರುಷದ ಜೂಡಿತ್ 13 ಆಟಗಳಲ್ಲಿ ಹನ್ನೆರಡೂವರೆ ಅಂಕಗಳನ್ನು ಪಡೆದಿದ್ದಳು. ಆದರೆ ಆಕೆಯು ಅಲ್ಲಿಯೇ ನಿಲ್ಲಲಿಲ್ಲವೆಂಬದೇ ಮುಖ್ಯವಾದ ಮಾತು.

ನಮ್ಮ ಅಭಿಪ್ರಾಯವು ಹೀಗಿದೆ. ಸ್ತ್ರೀಯರ ಪಂದ್ಯಗಳು ಮನೆಯ ಜಗಲಿಯಂತೆ ಇರಲಿ. ಬಂದವರು ಅಲ್ಲಿ ಕುಳಿತು ದಣಿವಾರಿಸಿಕೊಂಡು ಒಳಕ್ಕೆ ಹೋಗಲಿ. ಜಗಲಿಯನ್ನೇ ಮನೆಯೆಂದು ಹೇಳಿ ಬಾಗಿಲು ಮುಚ್ಚುವದು ಮಾತ್ರ ಬೇಡ. ಗ್ರ್ಯಾಂಡ್‌ಮಾಸ್ಟರ್ ಪದವಿಗೆ 2500 ಅಂಕಗಳ ಮಟ್ಟವನ್ನು ಮುಟ್ಟಬೇಕು; ಸ್ತ್ರೀಯರಿಗೆಂದು 1976ರಲ್ಲಿ ಏರ್ಪಡಿಸಿದ ಮಹಿಳಾ ಗ್ರ್ಯಾಂಡ್‌ಮಾಸ್ಟರ್ ಪದವಿಗೆ 2300 ಸಾಕು. ಈ ಎರಡನೆಯ ಪದವಿಯನ್ನು ಪಡೆದವಳ ಶ್ರಮವು ಅಲ್ಪವಲ್ಲ. ಆದರೆ ಇನ್ನೂರು ಅಂಕಗಳ ಆ ಅಂತರವನ್ನು ನೋಡಿ ಹತ್ತು ವರುಷದ ಬಾಲಿಕೆಯೊಬ್ಬಳು, "ನಮಗೆ ಇಷ್ಟೇ ಸಾಧ್ಯ" ಎಂದು ತಿಳಿದುಕೊಂಡರೆ, ಆ ನಷ್ಟವನ್ನು ಯಾವ ಪದಕವು ತುಂಬಿಕೊಡುವದು? ಗಣಿತದಲ್ಲಿ ಹುಡುಗಿಯರಿಗೆ ಬೇರೆ ಎಣಿಕೆಯಿಲ್ಲ. ವ್ಯಾಕರಣದಲ್ಲಿ ಬೇರೆ ಸಂಧಿಯಿಲ್ಲ. ಚದುರಂಗದಲ್ಲಿಯೂ ಅರವತ್ತನಾಲ್ಕೇ ಮನೆಗಳು.

ಜಗಲಿಯಿಂದ ನಡುಮನೆಗೆ ಹೋಗುವ ದಾರಿಯು ನಮ್ಮ ದೇಶದಲ್ಲಿಯೂ ತೆರೆದಿದೆಯೆಂಬದು ಸಂತೋಷದ ಸಂಗತಿ. ಮಾಸ್ಕೋದ ಆಟವು ನಡೆದ 2002ರಲ್ಲಿಯೇ, ಆಂಧ್ರ ನಾಡಿನ ಕೋನೇರು ಹಂಪಿಯವರು ಹದಿನೈದನೆಯ ವಯಸ್ಸಿನಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದರು. ಆ ಪದವಿಯನ್ನು ಗಳಿಸಿದ ಭಾರತೀಯ ಸ್ತ್ರೀಯರಲ್ಲಿ ಮೊದಲಿಗರು, ವಯಸ್ಸಿನಲ್ಲಿ ಪೋಲ್ಗಾರರ ದಾಖಲೆಯನ್ನು ಮೂರು ತಿಂಗಳಿನಿಂದ ಹಿಂದಿಕ್ಕಿದವರು. 2024ರಲ್ಲಿ ಪೋಲ್ಗಾರರ ತವರಾದ ಬುಡಾಪೆಸ್ಟಿನಲ್ಲಿಯೇ ನಡೆದ ಒಲಿಂಪಿಯಾಡಿನಲ್ಲಿ ಭಾರತವು ಎಲ್ಲರ ವಿಭಾಗದಲ್ಲಿಯೂ ಸ್ತ್ರೀಯರ ವಿಭಾಗದಲ್ಲಿಯೂ ಚಿನ್ನವನ್ನು ಪಡೆಯಿತು. 2025ರಲ್ಲಿ ಜಾರ್ಜಿಯಾ ದೇಶದ ಬಟೂಮಿಯಲ್ಲಿ ನಡೆದ ಸ್ತ್ರೀಯರ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಹಂಪಿಯವರೂ ನಾಗಪುರದ ದಿವ್ಯಾ ದೇಶ್‌ಮುಖರೂ ಎದುರೆದುರಾಗಿ, ಹತ್ತೊಂಬತ್ತು ವರುಷದ ದಿವ್ಯಾ ಗೆದ್ದು, ಆ ಗೆಲುವಿನ ಫಲವಾಗಿ ಪೂರ್ಣ ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನೇ ಪಡೆದರು. ಸ್ತ್ರೀಯರ ಸ್ಪರ್ಧೆಯು ಎಲ್ಲರ ಪದವಿಗೆ ಬಾಗಿಲಾದದ್ದು ಹೀಗೆ. ಆದಾಗ್ಯೂ 2700 ಅಂಕಗಳನ್ನು ದಾಟಿದ ಸ್ತ್ರೀಯರಲ್ಲಿ ಜೂಡಿತ್ ಪೋಲ್ಗಾರ್ ಒಬ್ಬರೇ ಎಂಬದನ್ನು ಮರೆಯಬಾರದು. ಆಕೆಯು 2014ರಲ್ಲಿ ಸ್ಪರ್ಧೆಗಳಿಂದ ನಿವೃತ್ತರಾದರು.

ಕಡೆಗೆ ತಾಯಿತಂದೆಗಳಿಗೂ ಪೂರ್ವ ವಿದ್ಯಾರ್ಥಿನಿಯರಿಗೂ ನಾವು ಹೇಳತಕ್ಕದ್ದು ಸ್ವಲ್ಪವೇ. ಮನೆಯಲ್ಲಿ ಚದುರಂಗದ ಮಣೆ ಇದ್ದರೆ ಅಣ್ಣನ ಎದುರಿಗೆ ತಂಗಿಯನ್ನೂ ಕುಳ್ಳಿರಿಸಿರಿ. ಅವಳು ಹುಡುಗಿಯೆಂದು ಆನೆಯೊಂದನ್ನು ಬಿಟ್ಟುಕೊಟ್ಟು ಆಡುವದು ಬೇಡ. ಸೋತರೆ ಏಕೆ ಸೋತಳೆಂಬದನ್ನು ಜತೆಯಲ್ಲಿ ಕುಳಿತು ನೋಡಿರಿ. ಹತ್ತನೆಯ ತರಗತಿ ಬಂತು, ಇಲ್ಲವೆ ಮದುವೆಯ ವಯಸ್ಸು ಬಂತು ಎಂದು, ಗಂಡುಮಗನ ಮಣೆಯನ್ನು ಹಾಗೆಯೇ ಬಿಟ್ಟು ಹೆಣ್ಣುಮಗಳ ಮಣೆಯನ್ನು ಮಾತ್ರ ಅಟ್ಟಕ್ಕೆ ಸೇರಿಸಬೇಡಿರಿ. ಪೂರ್ವ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಮಕ್ಕಳು ಬೆಳೆದು ಬಿಡುವು ದೊರೆತವರು ಸಾಯಂಕಾಲದಲ್ಲಿ ಒಂದು ಗಳಿಗೆ ಶಾಲೆಯ ಹುಡುಗಿಯರೊಡನೆ ಆಡಲು ಕುಳಿತರೆ, ಅದರಿಂದ ಅವರಿಗೂ ನಿಮಗೂ ಲಾಭವುಂಟು. ಹೊರಗಿನ ಸ್ಪರ್ಧೆಗಳಿಗೆ ಕಳುಹಿಸುವಾಗ ಬಾಲಿಕೆಯರ ವಿಭಾಗಕ್ಕೆ ಹೆಸರು ಕೊಟ್ಟರೂ ಕೊಡಿರಿ. ಅದರೊಡನೆ ಎಲ್ಲರ ವಿಭಾಗಕ್ಕೂ ಹೆಸರು ಕೊಡುವದನ್ನು ಬಿಡಬೇಡಿರಿ.

ನಮ್ಮ ಮನೆಗಳಲ್ಲಿ ಇಂಥ ಬುದ್ಧಿಬಲವು ಇಲ್ಲದಿಲ್ಲ. ಮೂವತ್ತನೆಯ ನಡೆಯವರೆಗೆ ಕದಲದೆ ನಿಂತ ಆ ಆನೆಯಂತೆ, ಎಷ್ಟೋ ಹೆಣ್ಣುಮಕ್ಕಳ ಬಲವು ಮೂಲೆಯಲ್ಲಿಯೇ ಉಳಿದುಹೋಗುತ್ತದೆ. ಅದನ್ನು ಕಾಲವಿರುವಾಗಲೇ ತೆರೆದ ಸಾಲಿಗೆ ತರುವದು ಹಿರಿಯರ ಕರ್ತವ್ಯವು. ಅವರೆಲ್ಲರೂ ಗೆಲ್ಲುವರೆಂದು ನಾವು ವಾಗ್ದಾನ ಮಾಡಲಾರೆವು. ಎಲ್ಲರಂತೆ ಒಂದೇ ಮಣೆಯ ಮೇಲೆ, ಒಂದೇ ಗಡಿಯಾರದ ಮುಂದೆ, ಒಂದೇ ಅಳತೆಯಿಂದ ಆಡುವ ಅವಕಾಶವನ್ನು ಅವರಿಗೆ ಕೊಡಬಲ್ಲೆವು. ಅಷ್ಟನ್ನು ಕೊಡುವದು ನಮ್ಮ ಕೈಯಲ್ಲಿದೆ.